ಸಣ್ಣ ವ್ಯಾಪಾರಕ್ಕೊಂದು ಪ್ರೈವೇಟ್ ಲಿಮಿಟೆಡ್: ಹೊಣೆ ಎಲ್ಲಿಗೆ ನಿಲ್ಲುತ್ತದೆ

ಬೆಂಗಳೂರಿನಲ್ಲಿ ಸಣ್ಣ ಉದ್ಯಮಿಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಕಂಪನಿ ಮಾಡಬೇಕೆಂದು ನನ್ನ ಬಳಿ ಬರುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡೇ ಬಂದಿರುತ್ತಾರೆ. ಎಷ್ಟು ಖರ್ಚಾಗುತ್ತದೆ, ಎಷ್ಟು ದಿನ ಹಿಡಿಯುತ್ತದೆ? ಆ ವಿಷಯಕ್ಕೂ ಬರುತ್ತೇನೆ. ಆದರೆ ಅದಕ್ಕಿಂತ ಮೊದಲು ನೀವು ಕೇಳಿಕೊಳ್ಳಬೇಕಾದದ್ದು ಬೇರೆಯೇ ಇದೆ: ನಾಳೆ ವ್ಯಾಪಾರ ನೆಲಕಚ್ಚಿದರೆ, ಬಾಕಿ ವಸೂಲಿಗೆ ಬಂದವರು ಯಾರ ಮನೆಯ ಬಾಗಿಲು ತಟ್ಟುತ್ತಾರೆ? ಕಂಪನಿ ಎಂಬ ಏರ್ಪಾಡು ಹುಟ್ಟಿದ್ದೇ ಈ ಪ್ರಶ್ನೆಗೆ ಉತ್ತರವಾಗಿ.

ಪೀಣ್ಯದಲ್ಲಿ ಒಂದು ಟರ್ನಿಂಗ್ ಶಾಪ್ ಇತ್ತು. ಅಣ್ಣ ತಮ್ಮ ಇಬ್ಬರೂ ಪಾಲುದಾರರು. ಅಣ್ಣ ಗಿರಾಕಿಗಳನ್ನೂ ಸರಕನ್ನೂ ನೋಡಿಕೊಳ್ಳುತ್ತಿದ್ದ, ತಮ್ಮ ಬೆಳಗಿನಿಂದ ರಾತ್ರಿಯವರೆಗೆ ಲೇತ್ ಮುಂದೆಯೇ ನಿಂತಿರುತ್ತಿದ್ದ. ದೊಡ್ಡ ಆರ್ಡರ್ ಒಂದನ್ನು ನಂಬಿ ಅಣ್ಣ ಉದ್ರಿಯಲ್ಲಿ ಕಬ್ಬಿಣದ ಸರಕು ತಂದ. ಆರ್ಡರ್ ಕೈತಪ್ಪಿತು, ಸರಕಿನ ಬಾಕಿ ಉಳಿಯಿತು, ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಡಿಕ್ರಿಯಾಗಿ ಜಪ್ತಿಯ ಮಾತು ಬಂದಾಗ ಲೆಕ್ಕಕ್ಕೆ ಸಿಕ್ಕಿದ್ದು ತಮ್ಮನ ಮನೆ, ಏಕೆಂದರೆ ಅಣ್ಣನ ಹೆಸರಿನಲ್ಲಿ ಆಸ್ತಿಯೇನೂ ಇರಲಿಲ್ಲ. ತಾನು ಸಹಿ ಹಾಕಿಯೇ ಇಲ್ಲ ಎಂದು ತಮ್ಮ ಹೇಳಿದ. ಆದರೆ 1932ರ ಪಾಲುದಾರಿಕೆ ಕಾಯಿದೆಯ 25ನೇ ಕಲಂ ಆ ವಾದವನ್ನು ಕೇಳುವುದಿಲ್ಲ: ಫರ್ಮಿನ ಹೆಸರಿನಲ್ಲಿ ನಡೆದ ಪ್ರತಿ ವ್ಯವಹಾರಕ್ಕೂ ಪಾಲುದಾರರೆಲ್ಲರೂ ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಪೂರ್ತಿ ಹೊಣೆಗಾರರು. ಒಬ್ಬನೇ ಮಾಲೀಕನ ವ್ಯಾಪಾರದಲ್ಲಂತೂ ಅಂಗಡಿಯ ಸಾಲ, ಮನೆಯ ಸಾಲ ಎಂಬ ಭೇದವೇ ಇಲ್ಲ. ಬೋರ್ಡಿನ ಮೇಲೆ ಏನೇ ಬರೆದಿದ್ದರೂ ಕಾನೂನಿನ ಕಣ್ಣಿಗೆ ಕಾಣುವುದು ನೀವೊಬ್ಬರೇ.

ಇಲ್ಲಿ ಒಂದು ಪದದ ಗೊಂದಲವನ್ನು ಬಿಡಿಸಿಬಿಡುತ್ತೇನೆ. ಅಂತರ್ಜಾಲದಲ್ಲಿ ಓದಿಕೊಂಡು ಬಂದವರು ತಮಗೆ ಎಲ್‌ಎಲ್‌ಸಿ, ಅಂದರೆ ಲಿಮಿಟೆಡ್ ಲಯಬಿಲಿಟಿ ಕಂಪನಿ, ಬೇಕು ಎನ್ನುತ್ತಾರೆ. ಅದು ಅಮೆರಿಕದ ರಾಜ್ಯಗಳ ಕಾನೂನಿನಲ್ಲಿರುವ ರೂಪ, 1977ರಲ್ಲಿ ವಯೋಮಿಂಗ್ ರಾಜ್ಯ ಮೊದಲು ತಂದದ್ದು. ನಮ್ಮಲ್ಲಿ ಆ ಹೆಸರಿನ ಸಂಸ್ಥೆ ಇಲ್ಲ. ಸೀಮಿತ ಹೊಣೆಯ ಸಣ್ಣ ಕಂಪನಿ ಎಂದರೆ ಇಲ್ಲಿ 2013ರ ಕಂಪನಿ ಕಾಯಿದೆಯ ಪ್ರಕಾರ ನೋಂದಣಿಯಾದ ಪ್ರೈವೇಟ್ ಲಿಮಿಟೆಡ್, ಅಥವಾ ಅದರದೇ ಕಿರಿಯ ರೂಪವಾದ ಏಕವ್ಯಕ್ತಿ ಕಂಪನಿ. ಎಲ್‌ಎಲ್‌ಪಿ ಎಂಬುದು 2008ರ ಪ್ರತ್ಯೇಕ ಕಾಯಿದೆಯ ಅಡಿಯಲ್ಲಿ ಬರುವ ಸೀಮಿತ ಹೊಣೆಯ ಪಾಲುದಾರಿಕೆ, ಅದು ಕಂಪನಿಯಲ್ಲ.

ಸೀಮಿತ ಹೊಣೆ ನಮ್ಮ ದೇಶದ ಕಾನೂನಿಗೆ ಬಂದದ್ದು 1857ರಲ್ಲಿ. ಆದರೆ ಅದರ ಅರ್ಥ ತಿಳಿಯಾದದ್ದು ಲಂಡನ್ನಿನ ಒಬ್ಬ ಬೂಟು ವ್ಯಾಪಾರಿಯ ಮೊಕದ್ದಮೆಯಲ್ಲಿ. ಸಾಲೊಮನ್ ಎಂಬಾತ ವರ್ಷಗಟ್ಟಲೆ ನಡೆಸಿಕೊಂಡು ಬಂದಿದ್ದ ತನ್ನ ಚರ್ಮದ ಬೂಟುಗಳ ವ್ಯಾಪಾರವನ್ನು 1892ರಲ್ಲಿ ಒಂದು ಕಂಪನಿಗೆ ಮಾರಿದ. ಆಗ ಏಳು ಸದಸ್ಯರು ಬೇಕಿತ್ತು. ಹೆಂಡತಿ ಮತ್ತು ಐವರು ಮಕ್ಕಳ ಹೆಸರಿನಲ್ಲಿ ಒಂದೊಂದು ಷೇರು, ಉಳಿದ 20,001 ಷೇರು ತನ್ನ ಹೆಸರಿನಲ್ಲಿ. ಕಂಪನಿ ಮುಳುಗಿತು. ಇದೆಲ್ಲ ನಾಟಕ, ಕಂಪನಿ ಎಂದರೆ ಸಾಲೊಮನ್ನನೇ, ಅವನೇ ಸಾಲ ತೀರಿಸಲಿ ಎಂದು ಸಾಲ ಕೊಟ್ಟವರ ಪರವಾಗಿ ವಾದ ನಡೆಯಿತು. ಕೆಳಗಿನ ನ್ಯಾಯಾಲಯಗಳು ಒಪ್ಪಿದವು, 1896ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಕಾನೂನಿನಂತೆ ನೋಂದಣಿಯಾದ ಮೇಲೆ ಕಂಪನಿ ಬೇರೆಯೇ ಒಬ್ಬ ವ್ಯಕ್ತಿ, ಅದರ ಸಾಲ ಅದರದು ಎಂದು ತೀರ್ಪಾಯಿತು. ನೀವು 1 ಲಕ್ಷ ರೂಪಾಯಿಯ ಷೇರು ತೆಗೆದುಕೊಂಡು ಪೂರ್ತಿ ಹಣ ಕಟ್ಟಿದ್ದರೆ, ನಿಮ್ಮ ನಷ್ಟ ಆ 1 ಲಕ್ಷಕ್ಕೆ ನಿಲ್ಲುತ್ತದೆ ಎಂಬ ಮಾತು ನಿಂತಿರುವುದು ಈ ತಳಹದಿಯ ಮೇಲೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಉತ್ತರ ಐರ್ಲೆಂಡಿನ ಮಕೌರಾ ಎಂಬ ಭೂಮಾಲೀಕ ತನ್ನ ಎಸ್ಟೇಟಿನ ಮರಮಟ್ಟನ್ನೆಲ್ಲ ತನ್ನದೇ ಕಂಪನಿಗೆ ಮಾರಿ, ಪ್ರತಿಯಾಗಿ ಷೇರು ಪಡೆದ. ವಿಮೆಯನ್ನು ಮಾತ್ರ ತನ್ನ ಹೆಸರಿನಲ್ಲಿ ಮಾಡಿಸಿದ. ಮರ ಬೆಂಕಿಗೆ ಆಹುತಿಯಾಯಿತು. 1925ರಲ್ಲಿ ಅದೇ ಹೌಸ್ ಆಫ್ ಲಾರ್ಡ್ಸ್, ಮರ ನಿನ್ನದಲ್ಲ, ಕಂಪನಿಯದು, ಆದ್ದರಿಂದ ನಿನಗೆ ವಿಮೆಯ ಹಣ ಬರಲಾರದು ಎಂದಿತು. ನಮ್ಮ ಸುಪ್ರೀಂ ಕೋರ್ಟ್ ಕೂಡ 1954ರಲ್ಲಿ, ಚಹಾ ಕಂಪನಿಯ ಲಾಭಾಂಶಕ್ಕೆ ಸಂಬಂಧಿಸಿದ ತೆರಿಗೆ ಪ್ರಕರಣವೊಂದರಲ್ಲಿ, ಷೇರುದಾರನು ಕಂಪನಿಯ ಆಸ್ತಿಯಲ್ಲಿ ಪಾಲುಗಾರನಲ್ಲ ಎಂದು ಹೇಳಿದೆ. ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ನಿಮ್ಮಲ್ಲಿ ಅನೇಕರ ಡೆಲಿವರಿ ವ್ಯಾನಿನ ಆರ್‌ಸಿ ಒಬ್ಬರ ಹೆಸರಿನಲ್ಲಿ, ಯಂತ್ರದ ಬಿಲ್ ಇನ್ನೊಬ್ಬರ ಹೆಸರಿನಲ್ಲಿ, ವಿಮೆ ಮತ್ತೊಬ್ಬರ ಹೆಸರಿನಲ್ಲಿ ಇದೆ. ಕಂಪನಿಯ ಸಾಲ ನನ್ನದಲ್ಲ ಎಂದು ಹೇಳುವ ಹಕ್ಕು ಬೇಕಿದ್ದರೆ, ಕಂಪನಿಯ ಆಸ್ತಿಯೂ ನನ್ನದಲ್ಲ ಎಂಬುದನ್ನು ದಿನನಿತ್ಯದ ನಡವಳಿಕೆಯಲ್ಲಿ ಒಪ್ಪಿಕೊಂಡಿರಬೇಕು. ನಾನು ಇಂದು ಹೇಳಬೇಕಾದ ಮುಖ್ಯ ಮಾತು ಇದೇ.

ಈಗ ಈ ರಕ್ಷಣೆ ಎಲ್ಲೆಲ್ಲಿ ಒದಗುವುದಿಲ್ಲ ಎಂಬುದನ್ನು ಕೇಳಿಸಿಕೊಳ್ಳಿ. ನೋಂದಣಿ ಮಾಡಿಸಿಕೊಡುವವರು ಈ ಭಾಗವನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಹೇಳುತ್ತಾರೆ, ಅದರಿಂದಲೇ ಜನ ಮೋಸಹೋಗುತ್ತಾರೆ. ಮೊದಲನೆಯದು ಬ್ಯಾಂಕ್ ಸಾಲ. ನಿನ್ನೆ ಮೊನ್ನೆ ಹುಟ್ಟಿದ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನನ್ನು ಕೇಳಿಯೇ ಕೇಳುತ್ತದೆ. ಸಾಲದ ಕಾಗದಗಳ ಕಟ್ಟಿನಲ್ಲಿ ನಾಲ್ಕೈದು ಪುಟದ ಜಾಮೀನು ಪತ್ರ ಇರುತ್ತದೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ ಮಾಡುತ್ತಾ ಹೋಗುವ ಭರದಲ್ಲಿ ಅದನ್ನು ಓದುವವರು ಕಡಿಮೆ. ಆ ಒಂದು ಸಹಿಯಿಂದ, ಆ ಸಾಲದ ಮಟ್ಟಿಗೆ, ನೀವು ಮತ್ತೆ ಒಬ್ಬನೇ ಮಾಲೀಕನ ಸ್ಥಿತಿಗೆ ಮರಳುತ್ತೀರಿ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿ ಸಾಲ ಇತ್ಯರ್ಥವಾದರೂ ಜಾಮೀನುದಾರನ ಹೊಣೆ ತಾನಾಗಿ ತೀರುವುದಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಜಾಮೀನು ಕೊಡುವುದೇ ಅನಿವಾರ್ಯವಾದರೆ ಮೊತ್ತಕ್ಕೆ ಮಿತಿ ಹಾಕುವಂತೆ ಕೇಳಿ, ಮನೆಯ ಪತ್ರವನ್ನು ಅಡವಿಡುವ ಮುನ್ನ ಸಿಜಿಟಿಎಂಎಸ್‌ಇ ಎಂಬ ಸರ್ಕಾರಿ ಖಾತರಿ ನಿಧಿಯ ಅಡಿಯಲ್ಲಿ ಅಡಮಾನವಿಲ್ಲದ ಸಾಲ ಸಿಗುತ್ತದೆಯೇ ಎಂದು ಶಾಖೆಯಲ್ಲಿ ವಿಚಾರಿಸಿ.

ಎರಡನೆಯದು ತೆರಿಗೆ. ಪ್ರೈವೇಟ್ ಕಂಪನಿಯಿಂದ ಆದಾಯ ತೆರಿಗೆಯೋ ಜಿಎಸ್‌ಟಿಯೋ ವಸೂಲಾಗದಿದ್ದರೆ, ಆ ಅವಧಿಯಲ್ಲಿ ನಿರ್ದೇಶಕರಾಗಿದ್ದವರಿಂದ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ವಸೂಲಾಗದಿರುವುದಕ್ಕೆ ತನ್ನ ಘೋರ ನಿರ್ಲಕ್ಷ್ಯ ಕಾರಣವಲ್ಲವೆಂದು ತೋರಿಸಿಕೊಡುವ ಭಾರ ನಿರ್ದೇಶಕನದೇ. ಕಾರ್ಮಿಕರ ಸಂಬಳದಿಂದ ಮುರಿದುಕೊಂಡ ಪಿಎಫ್ ಹಣವನ್ನು ಕಟ್ಟದೆ ಉಳಿಸಿಕೊಂಡರೂ, ಕಂಪನಿಯ ಚೆಕ್ ಬೌನ್ಸ್ ಆದರೂ, ವ್ಯವಹಾರ ನೋಡಿಕೊಳ್ಳುತ್ತಿದ್ದವರು ಆರೋಪಿಗಳಾಗುತ್ತಾರೆ. ಮೋಸ ಮಾಡುವ ಉದ್ದೇಶದಿಂದಲೇ ಕಂಪನಿ ನಡೆಸಿದವರಿಗಂತೂ ಯಾವ ಮಿತಿಯೂ ಇಲ್ಲ. ಹಾಗಾದರೆ ಕಂಪನಿಯಿಂದ ಉಳಿಯುವುದೇನು ಎಂದು ನೀವು ಕೇಳಬಹುದು. ಉಳಿಯುವುದು ಬಹಳಷ್ಟಿದೆ. ಸರಕು ಕೊಟ್ಟವರ ಬಾಕಿ, ಬಾಡಿಗೆ, ಗಿರಾಕಿ ಹೂಡಿದ ನಷ್ಟಪರಿಹಾರದ ದಾವೆ, ಪಾಲುದಾರ ನಿಮಗೆ ತಿಳಿಯದೆ ಮಾಡಿಕೊಂಡ ಒಪ್ಪಂದ, ಸಣ್ಣ ವ್ಯಾಪಾರವನ್ನು ನಿಜವಾಗಿ ಕೊಲ್ಲುವುದು ಹೆಚ್ಚಾಗಿ ಇವೇ. ಪೀಣ್ಯದ ಆ ತಮ್ಮನಿಗೆ ಕಂಪನಿಯ ರಕ್ಷಣೆ ಇದ್ದಿದ್ದರೆ ಮನೆ ಉಳಿಯುತ್ತಿತ್ತು.

ಯಾವ ರೂಪ ಆಯ್ದುಕೊಳ್ಳಬೇಕು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಒಬ್ಬರೇ ಇದ್ದರೆ ಏಕವ್ಯಕ್ತಿ ಕಂಪನಿ. ನಿಮ್ಮ ನಂತರ ಷೇರು ಯಾರಿಗೆ ಎಂದು ನಾಮಿನಿಯೊಬ್ಬರನ್ನು ಹೆಸರಿಸಬೇಕು. ಬಂಡವಾಳ 50 ಲಕ್ಷವನ್ನೋ ವಹಿವಾಟು 2 ಕೋಟಿಯನ್ನೋ ದಾಟಿದರೆ ರೂಪ ಬದಲಿಸಲೇಬೇಕೆಂಬ ನಿಯಮ 2021ರ ಏಪ್ರಿಲ್‌ನಿಂದ ಇಲ್ಲ. ಇಬ್ಬರು ಮೂವರು ಸೇರಿ ವೃತ್ತಿ ಸೇವೆ ಕೊಡುವವರಿಗೆ, ಹೊರಗಿನವರ ಹೂಡಿಕೆ ಬೇಡದವರಿಗೆ ಎಲ್‌ಎಲ್‌ಪಿ ಹಗುರ: ವಹಿವಾಟು 40 ಲಕ್ಷವನ್ನೂ ಪಾಲುದಾರರ ವಂತಿಗೆ 25 ಲಕ್ಷವನ್ನೂ ಮೀರದಿದ್ದರೆ ಎಲ್‌ಎಲ್‌ಪಿ ಕಾಯಿದೆಯ ಪ್ರಕಾರ ಆಡಿಟ್ ಕಡ್ಡಾಯವಲ್ಲ. ಹೂಡಿಕೆ ತರಬೇಕು, ನೌಕರರಿಗೆ ಷೇರು ಕೊಡಬೇಕು ಎನ್ನುವವರಿಗೆ ಪ್ರೈವೇಟ್ ಲಿಮಿಟೆಡ್ಡೇ ಸರಿ. ಇದಕ್ಕೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು, ಆ ಇಬ್ಬರೇ ಎರಡೂ ಆಗಬಹುದು. ನಿರ್ದೇಶಕರಲ್ಲಿ ಒಬ್ಬರಾದರೂ ವರ್ಷಕ್ಕೆ 182 ದಿನ ಭಾರತದಲ್ಲಿ ಇದ್ದವರಾಗಿರಬೇಕು. ಕಡಿಮೆ ಅಪಾಯದ, ಸಾಲವಿಲ್ಲದ ಸಣ್ಣ ಅಂಗಡಿ ನಿಮ್ಮದಾಗಿದ್ದರೆ ಈಗಿರುವಂತೆಯೇ ಇರಿ ಎಂದು ಹೇಳಲು ನನಗೆ ಸಂಕೋಚವಿಲ್ಲ. ವಹಿವಾಟಿನ ಶೇ 8 ಅಥವಾ ಶೇ 6ರಷ್ಟನ್ನು ಲಾಭವೆಂದು ತೋರಿಸಿ ತೆರಿಗೆ ಕಟ್ಟುವ ಸರಳ ಪದ್ಧತಿ ವ್ಯಕ್ತಿಗೂ ಪಾಲುದಾರಿಕೆ ಫರ್ಮಿಗೂ ಉಂಟು, ಕಂಪನಿಗೂ ಎಲ್‌ಎಲ್‌ಪಿಗೂ ಇಲ್ಲ.

ಇನ್ನು ನೋಂದಣಿ. 1 ಲಕ್ಷ ರೂಪಾಯಿ ಬಂಡವಾಳ ಇರಲೇಬೇಕೆಂಬ ಷರತ್ತನ್ನು 2015ರ ತಿದ್ದುಪಡಿ ತೆಗೆದುಹಾಕಿದೆ. ಅಧಿಕೃತ ಬಂಡವಾಳ, ಅಂದರೆ ಕಂಪನಿ ಹೊರಡಿಸಬಹುದಾದ ಷೇರುಗಳ ಒಟ್ಟು ಮೊತ್ತ, 15 ಲಕ್ಷದವರೆಗೆ ಇದ್ದರೆ ಕೇಂದ್ರದ ನೋಂದಣಿ ಶುಲ್ಕವೂ ಇಲ್ಲ. ಕರ್ನಾಟಕದ ಮುದ್ರಾಂಕ ಶುಲ್ಕ, ಡಿಜಿಟಲ್ ಸಹಿ, ಕೆಲಸ ಮಾಡಿಕೊಡುವವರ ಸಂಭಾವನೆ, ಖರ್ಚೆಂದರೆ ಇವೇ. 2020ರ ಫೆಬ್ರುವರಿಯಲ್ಲಿ ಬಂದ ಸ್ಪೈಸ್ ಪ್ಲಸ್ ಎಂಬ ಒಂದೇ ಅರ್ಜಿಯಲ್ಲಿ ಹೆಸರು, ನೋಂದಣಿ, ನಿರ್ದೇಶಕರ ಗುರುತಿನ ಸಂಖ್ಯೆ, ಪ್ಯಾನ್, ಟ್ಯಾನ್, ಪಿಎಫ್, ಇಎಸ್‌ಐ, ಬ್ಯಾಂಕ್ ಖಾತೆ, ನಮ್ಮ ರಾಜ್ಯದ ವೃತ್ತಿ ತೆರಿಗೆ, ಬೇಕಿದ್ದರೆ ಜಿಎಸ್‌ಟಿ, ಎಲ್ಲವೂ ಸೇರಿಕೊಂಡಿವೆ. ಅರ್ಜಿಯನ್ನು ಪರಿಶೀಲಿಸುವುದು ಹರಿಯಾಣದ ಮಾನೇಸರದಲ್ಲಿರುವ ಕೇಂದ್ರ. ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ನಮ್ಮ ಕಂಪನಿ ರಿಜಿಸ್ಟ್ರಾರರ ಕಚೇರಿಗೆ ನೀವು ಅಲೆಯಬೇಕಾಗಿಲ್ಲ. ಕಾಗದ ಸರಿಯಿದ್ದರೆ ದಿನಗಳ ಕೆಲಸ, ಸರಿಯಿಲ್ಲದಿದ್ದರೆ ವಾರಗಳದು.

ಕಾಗದ ಎಲ್ಲಿ ಎಡವುತ್ತದೆ ಎಂದರೆ, ಹೆಸರಿನಲ್ಲಿ ಮತ್ತು ವಿಳಾಸದಲ್ಲಿ. ಈಗಾಗಲೇ ಇರುವ ಕಂಪನಿಯ ಹೆಸರಿಗೆ ಒಂದಕ್ಷರ ಸೇರಿಸಿ, ಏಕವಚನವನ್ನು ಬಹುವಚನ ಮಾಡಿ, ಕಾಗುಣಿತ ಬದಲಿಸಿ ಕೊಟ್ಟರೆ ಅದನ್ನು ಬೇರೆ ಹೆಸರೆಂದು ಪರಿಗಣಿಸುವುದಿಲ್ಲ. ಟ್ರೇಡ್‌ಮಾರ್ಕ್ ದಾಖಲೆಯಲ್ಲೂ ಹುಡುಕಿ ನೋಡಿ. ಒಪ್ಪಿಗೆಯಾದ ಹೆಸರು 20 ದಿನ ನಿಮಗಾಗಿ ಕಾದಿರುತ್ತದೆ, ಅಷ್ಟರೊಳಗೆ ಉಳಿದ ಅರ್ಜಿ ಹೋಗಬೇಕು.

ವಿಳಾಸದ ಕಷ್ಟ ನಮ್ಮ ಊರಿನದೇ. ನೋಂದಾಯಿತ ಕಚೇರಿಗೆ ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ ಬಿಲ್ಲೋ ಅಂಥದ್ದೇ ಇನ್ನೊಂದು ಬಿಲ್ಲೋ ಬೇಕು, ಜೊತೆಗೆ ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ. ಬಸವನಗುಡಿಯಲ್ಲಿ ಮನೆಯಿಂದಲೇ ಚಟ್ನಿಪುಡಿ, ಹುಳಿಪುಡಿ ಮಾಡಿ ಮಾರುತ್ತಿದ್ದ ಮಹಿಳೆಯೊಬ್ಬರು ಬೆಸ್ಕಾಂ ಬಿಲ್ ತಂದು ಮೇಜಿನ ಮೇಲಿಟ್ಟರು. ಬಿಲ್ಲಿನಲ್ಲಿದ್ದದ್ದು ತೀರಿಕೊಂಡು ಹನ್ನೆರಡು ವರ್ಷವಾಗಿದ್ದ ಮಾವನವರ ಹೆಸರು; ಆಸ್ತಿಯ ಖಾತೆ ಅತ್ತೆಯ ಹೆಸರಿನಲ್ಲಿ, ಮನೆ ಸಂಖ್ಯೆ ಹಳೆಯದು ಒಂದರಲ್ಲಿ ಹೊಸದು ಇನ್ನೊಂದರಲ್ಲಿ. ಇದರಲ್ಲಿ ಅವರ ತಪ್ಪೇನೂ ಇರಲಿಲ್ಲ, ನಮ್ಮ ಹಳೆಯ ಬಡಾವಣೆಗಳ ಎಷ್ಟೋ ಮನೆಗಳ ಸ್ಥಿತಿ ಹೀಗೆಯೇ ಇದೆ. ಮೊದಲು ವಿದ್ಯುತ್ ಸಂಪರ್ಕದ ಹೆಸರು ಬದಲಾಯಿಸಿಕೊಂಡು, ಎರಡೂ ಸಂಖ್ಯೆ ಬರುವಂತೆ ಒಪ್ಪಿಗೆ ಪತ್ರ ಬರೆಸಿ, ಆಮೇಲೆ ಅರ್ಜಿ ಹಾಕಿದೆವು. ನೀವು ಇಂದು ಮನೆಗೆ ಹೋದ ಕೂಡಲೇ ನಿಮ್ಮ ಬಿಲ್ಲನ್ನು ತೆಗೆದು ಹೆಸರು ನೋಡಿಕೊಳ್ಳಿ.

ಮೆಮೊರಾಂಡಮ್ ಮತ್ತು ಆರ್ಟಿಕಲ್ಸ್ ಎಂಬ ಎರಡು ದಸ್ತಾವೇಜುಗಳಲ್ಲಿ, ಮೊದಲನೆಯದು ಕಂಪನಿ ಏನು ಮಾಡುತ್ತದೆ ಎಂದು ಹೇಳಿದರೆ ಎರಡನೆಯದು ನೀವು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತೀರಿ ಎಂದು ಹೇಳುತ್ತದೆ. ಆರ್ಟಿಕಲ್ಸ್ ಅನ್ನು ಸಿದ್ಧ ನಮೂನೆಯಿಂದ ಎತ್ತಿ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಇಬ್ಬರು ಗೆಳೆಯರು ಅರ್ಧರ್ಧ ಷೇರು ಇಟ್ಟುಕೊಂಡಿದ್ದಾರೆ, ಒಬ್ಬ ಮೂರನೇ ವರ್ಷ ಬೇರೆ ಕೆಲಸಕ್ಕೆ ಹೋಗುತ್ತಾನೆ, ಷೇರು ಮಾತ್ರ ಬಿಡುವುದಿಲ್ಲ. ಯಾವ ನಿರ್ಣಯವೂ ಆಗುವುದಿಲ್ಲ, ದುಡಿಯುವವನ ಲಾಭದಲ್ಲಿ ಹೋದವನಿಗೂ ಅರ್ಧ. ಕೊನೆಗೆ ಉಳಿಯುವ ದಾರಿ ಕಂಪನಿ ಕಾನೂನು ನ್ಯಾಯಮಂಡಳಿ, ಅಲ್ಲಿಗೆ ಹೋಗಿ ಬರುವ ಖರ್ಚನ್ನು ಸಣ್ಣ ಕಂಪನಿ ತಡೆಯಲಾರದು. ಬಿಟ್ಟುಹೋಗುವವರು ಷೇರನ್ನು ಮೊದಲು ಉಳಿದವರಿಗೇ ಕೊಡಬೇಕು, ಬೆಲೆಯನ್ನು ಇಂಥ ರೀತಿಯಲ್ಲಿ ಕಟ್ಟಬೇಕು, ಮತ ಸಮನಾದರೆ ಹೀಗೆ ಮಾಡಬೇಕು ಎಂಬ ಮೂರು ಮಾತುಗಳನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದಿಡಬೇಕು. ಕೇಳುವುದಕ್ಕೆ ಮುಜುಗರವಾಗುತ್ತದೆ, ನಿಜ, ಮುಜುಗರಪಟ್ಟಾದರೂ ಕೇಳಿ.

ಪ್ರಮಾಣಪತ್ರ ಬಂದಾಗ ಅದರ ಮೇಲೆ 21 ಅಕ್ಷರ-ಅಂಕೆಗಳ ಒಂದು ಸಂಖ್ಯೆ ಇರುತ್ತದೆ. ಮೊದಲಿನ ಯು ಎಂದರೆ ಷೇರುಪೇಟೆಯಲ್ಲಿ ಇಲ್ಲದ ಕಂಪನಿ, ಆಮೇಲಿನ ಐದು ಅಂಕೆ ಉದ್ಯಮದ ಸಂಕೇತ, ಕೆಎ ಎಂದರೆ ಕರ್ನಾಟಕ, ನಂತರ ಹುಟ್ಟಿದ ವರ್ಷ, ಪಿಟಿಸಿ ಎಂದರೆ ಪ್ರೈವೇಟ್ ಕಂಪನಿ, ಕೊನೆಯ ಆರು ನೋಂದಣಿ ಸಂಖ್ಯೆ. ಬಿಲ್ಲು, ಲೆಟರ್‌ಹೆಡ್ಡುಗಳಲ್ಲಿ ಇದು ಇರಲೇಬೇಕು. ಅದು ಬಂದ 30 ದಿನಗಳೊಳಗೆ ಮೊದಲ ಮಂಡಳಿ ಸಭೆ ನಡೆಸಿ ಆಡಿಟರನ್ನು ನೇಮಿಸಬೇಕು. ಎರಡು ತಿಂಗಳೊಳಗೆ ಷೇರು ಪ್ರಮಾಣಪತ್ರ ಕೊಡಬೇಕು. 180 ದಿನಗಳೊಳಗೆ, ಷೇರಿನ ಹಣ ಕಂಪನಿಯ ಖಾತೆಗೆ ಬಂದಿದೆ ಎಂದು ಐಎನ್‌ಸಿ-20ಎ ನಮೂನೆಯಲ್ಲಿ ಘೋಷಿಸಬೇಕು, ಅದಕ್ಕೆ ಮುನ್ನ ವ್ಯಾಪಾರ ಆರಂಭಿಸುವಂತಿಲ್ಲ, ಸಾಲ ಎತ್ತುವಂತಿಲ್ಲ. ತಪ್ಪಿದರೆ ಕಂಪನಿಗೆ 50,000 ರೂಪಾಯಿ ದಂಡ, ನಿರ್ದೇಶಕರಿಗೆ ದಿನಕ್ಕೆ 1,000ದಂತೆ 1 ಲಕ್ಷದವರೆಗೆ.

ನಾಮಫಲಕದ ಬಗ್ಗೆ ಕನ್ನಡಿಗರಾಗಿ ನೀವು ತಿಳಿದಿರಬೇಕಾದ ಒಂದು ಸಂಗತಿ ಇದೆ. ಕಂಪನಿಯ ಹೆಸರು ಮತ್ತು ವಿಳಾಸ ಪ್ರತಿ ಕಚೇರಿಯ ಹೊರಗೆ ಇರಬೇಕು, ಅದು ಆ ಸ್ಥಳದಲ್ಲಿ ಬಳಕೆಯಲ್ಲಿರುವ ಭಾಷೆಯ ಲಿಪಿಯಲ್ಲಿ ಇಲ್ಲದಿದ್ದರೆ ಆ ಲಿಪಿಯಲ್ಲಿಯೂ ಬರೆಸಬೇಕು ಎಂದು ಕಂಪನಿ ಕಾಯಿದೆಯ 12ನೇ ಕಲಮೇ ಹೇಳುತ್ತದೆ. ಇದು ಕೇಂದ್ರದ ಕಾನೂನು. ನಮ್ಮ ರಾಜ್ಯದ 2024ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು ವಿಧಿಸಿದೆ. ಹೊಸ ಬೋರ್ಡು ಬರೆಸುವಾಗಲೇ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಅದು ನಮಗೆ ಸಂತೋಷದ ಕೆಲಸ.

ವರ್ಷವರ್ಷದ ಕೆಲಸಗಳ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ವಹಿವಾಟು ಸೊನ್ನೆಯಾದರೂ ಆಡಿಟ್ ಆಗಬೇಕು, ಲೆಕ್ಕಪತ್ರವನ್ನೂ ವಾರ್ಷಿಕ ವಿವರವನ್ನೂ ಸಲ್ಲಿಸಬೇಕು. ತಡವಾದರೆ ಪ್ರತಿ ನಮೂನೆಗೆ ದಿನಕ್ಕೆ 100 ರೂಪಾಯಿ, ಅದಕ್ಕೆ ಮೇಲಿನ ಮಿತಿಯಿಲ್ಲ. ಎರಡೂ ನಮೂನೆ ಒಂದು ವರ್ಷ ತಡವಾದರೆ 73,000 ರೂಪಾಯಿ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು. 2017ರಲ್ಲಿ ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ದಾಖಲೆಯಿಂದ ತೆಗೆದುಹಾಕಿದಾಗ, ಅನರ್ಹಗೊಂಡವರಲ್ಲಿ ಗೆಳೆಯನ ಮಾತಿಗೆ ಕಟ್ಟುಬಿದ್ದು ಸಹಿ ಮಾಡಿದ್ದ ಸಾಮಾನ್ಯರೂ ಇದ್ದರು. ನಡೆಸದ ಕಂಪನಿಯನ್ನು ಹಾಗೆಯೇ ಬಿಡಬೇಡಿ, ಅರ್ಜಿ ಕೊಟ್ಟು ಮುಚ್ಚಿಸಿ.

ಹಣ ತೆಗೆಯುವ ವಿಷಯಕ್ಕೆ ಬರುತ್ತೇನೆ, ಇಲ್ಲಿಯೇ ಹೆಚ್ಚು ಮಂದಿ ಎಡವುವುದು. ಒಮ್ಮೆ ಒಂದು ಕಂಪನಿಯ ಬ್ಯಾಂಕ್ ವಿವರವನ್ನು ಓದುತ್ತಾ ಕುಳಿತಿದ್ದೆ. ಅಕ್ಕಿ ಬೇಳೆಯ ಬಿಲ್ಲು, ಮಗಳ ಶಾಲೆಯ ಶುಲ್ಕ, ತಿರುಪತಿಗೆ ಹೋದ ಟ್ಯಾಕ್ಸಿಯ ಬಾಡಿಗೆ, ನಡುವೆ ಒಂದೆರಡು ಸರಕಿನ ಪಾವತಿ. ಹಣ ನನ್ನದೇ ಅಲ್ಲವೇ ಎಂದು ಆತ ಪ್ರಾಮಾಣಿಕವಾಗಿಯೇ ಕೇಳಿದರು. ಅಲ್ಲ. ಕಂಪನಿಯ ಹಣ ನಿಮ್ಮ ಕೈಗೆ ಬರಲು ಸಂಬಳ, ಲಾಭಾಂಶ, ನೀವು ಕೊಟ್ಟ ಸಾಲದ ಮರುಪಾವತಿ, ನಿಮ್ಮ ಜಾಗಕ್ಕೆ ಬಾಡಿಗೆ, ಹೀಗೆ ಹೆಸರಿರುವ ದಾರಿಗಳಿವೆ, ಪ್ರತಿಯೊಂದಕ್ಕೂ ನಿರ್ಣಯವೂ ತೆರಿಗೆಯೂ ಉಂಟು. ಕಂಪನಿಯಿಂದ ನಿರ್ದೇಶಕ ಸಾಲ ಪಡೆಯುವುದಕ್ಕೆ ಕಂಪನಿ ಕಾಯಿದೆಯಲ್ಲಿ ನಿರ್ಬಂಧವಿದೆ. ಶೇ 10ರಷ್ಟು ಮತಾಧಿಕಾರವಿರುವ ಷೇರುದಾರನಿಗೆ ಕೊಟ್ಟ ಸಾಲವನ್ನು, ಕಂಪನಿಯಲ್ಲಿ ಕೂಡಿಟ್ಟ ಲಾಭ ಇರುವಷ್ಟರ ಮಟ್ಟಿಗೆ, ಆದಾಯ ತೆರಿಗೆ ಕಾನೂನು ಲಾಭಾಂಶವೆಂದೇ ಎಣಿಸುತ್ತದೆ. ಆತ ನಂತರ ತಿಂಗಳ ಸಂಬಳ ಗೊತ್ತುಮಾಡಿಕೊಂಡು ಅದನ್ನು ತಮ್ಮ ಉಳಿತಾಯ ಖಾತೆಗೆ ಹಾಕಿಸಿಕೊಂಡು ಅಲ್ಲಿಂದ ಶಾಲೆಯ ಶುಲ್ಕ ಕಟ್ಟತೊಡಗಿದರು. ಮನೆಗೆ ಬರುವ ಹಣದಲ್ಲಿ ದೊಡ್ಡ ವ್ಯತ್ಯಾಸವಾಗಲಿಲ್ಲ, ಕಂಪನಿಯ ಲೆಕ್ಕ ಮಾತ್ರ ಯಾರ ಮುಂದೆ ಬೇಕಾದರೂ ತೆರೆದಿಡುವಂತಾಯಿತು.

ಈಗಾಗಲೇ ನಡೆಯುತ್ತಿರುವ ವ್ಯಾಪಾರವನ್ನು ಕಂಪನಿಗೆ ವರ್ಗಾಯಿಸುವವರಿಗೆ ಕೊನೆಯದಾಗಿ ಕೆಲವು ಮಾತು. ಪ್ಯಾನ್ ಬದಲಾಗುವುದರಿಂದ ಜಿಎಸ್‌ಟಿ ನೋಂದಣಿ ಹೊಸದು ಬೇಕು. ಹಳೆಯದರಲ್ಲಿ ಉಳಿದ ತೆರಿಗೆ ಜಮೆಯನ್ನು, ಅಂದರೆ ಖರೀದಿಯ ಮೇಲೆ ಕಟ್ಟಿದ್ದು, ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಮೊತ್ತವನ್ನು, ಐಟಿಸಿ-02 ನಮೂನೆಯಲ್ಲಿ ವರ್ಗಾಯಿಸಬಹುದು, ಹಳೆಯ ನೋಂದಣಿಯನ್ನು ರದ್ದುಮಾಡುವ ಮುನ್ನವೇ ಅದು ಆಗಬೇಕು. ಆಸ್ತಿ-ಸಾಲ ಎಲ್ಲವೂ ಕಂಪನಿಗೆ ಹೋಗಿ, ಪ್ರತಿಯಾಗಿ ಷೇರು ಮಾತ್ರ ಪಡೆದು, ಐದು ವರ್ಷ ಶೇ 50ಕ್ಕೆ ಕಡಿಮೆಯಿಲ್ಲದ ಮತಾಧಿಕಾರ ಉಳಿಸಿಕೊಂಡರೆ ಒಬ್ಬನೇ ಮಾಲೀಕನಿಗೆ ಬಂಡವಾಳ ಲಾಭ ತೆರಿಗೆಯಿಂದ ವಿನಾಯಿತಿ ಉಂಟು. ಆಹಾರ ಪರವಾನಗಿ, ಪಾಲಿಕೆಯ ಪರವಾನಗಿ, ಅಂಗಡಿ ಕಾಯಿದೆಯ ನೋಂದಣಿ, ಬಾಡಿಗೆ ಕರಾರು, ವಿಮೆ ಎಲ್ಲವೂ ಕಂಪನಿಯ ಹೆಸರಿಗೆ ಬರಬೇಕು. ಬಸವನಗುಡಿಯ ಆ ಮಹಿಳೆಯ ಪುಡಿಗಳ ಟ್ರೇಡ್‌ಮಾರ್ಕ್ ಅವರ ಸ್ವಂತ ಹೆಸರಿನಲ್ಲಿತ್ತು. ಅದನ್ನು ಕಂಪನಿಗೆ ಮಾರಬೇಕೇ, ಅಥವಾ ತಮ್ಮಲ್ಲೇ ಇಟ್ಟುಕೊಂಡು ಬಳಸಲು ಪರವಾನಗಿ ಕೊಡಬೇಕೇ ಎಂದು ಬಹಳ ಯೋಚಿಸಿ, ತಮ್ಮಲ್ಲೇ ಇಟ್ಟುಕೊಂಡರು. ಪರವಾನಗಿ ಕರಾರಿನಲ್ಲಿ ಎರಡು ಕಡೆ ಅವರ ಸಹಿ ಇದೆ: ಒಂದು ಕಡೆ ಸ್ವಂತ ಹೆಸರಿನಲ್ಲಿ, ಇನ್ನೊಂದು ಕಡೆ ಕಂಪನಿಯ ಪರವಾಗಿ, ನಿರ್ದೇಶಕಿ ಎಂಬ ಮುದ್ರೆಯ ಮೇಲೆ.